ವಕಾಲತ್ತಿನ ಕವಲುಗಳು

ಇವತ್ತು ಕೋರ್ಟಿಗೆ ಹೋದವರಿಗೆ ಕಪ್ಪು ಕೋಟಿನವರೆಲ್ಲ ಒಂದೇ ಥರ ಕಾಣುತ್ತಾರೆ. ನೂರೈವತ್ತು ವರ್ಷಗಳ ಹಿಂದೆ ಹಾಗಿರಲಿಲ್ಲ. 1862ರಲ್ಲಿ ಕಲ್ಕತ್ತಾ, ಬೊಂಬಾಯಿ, ಮದರಾಸುಗಳಲ್ಲಿ ಹೈಕೋರ್ಟುಗಳು ಶುರುವಾದಾಗ ಇಂಗ್ಲೆಂಡಿನಲ್ಲಿ ಓದಿ ಬಂದ ಬ್ಯಾರಿಸ್ಟರುಗಳು ವಾದ ಮಂಡಿಸುತ್ತಿದ್ದರು, ಅಟಾರ್ನಿಗಳು ಕಕ್ಷಿದಾರರ ಮಾತು ಕೇಳಿ ಕಾಗದಪತ್ರ ಸಿದ್ಧಪಡಿಸುತ್ತಿದ್ದರು. ಇಲ್ಲೇ ಓದಿದ ವಕೀಲರದು ಬೇರೆ ಸಾಲು. ಕೆಳಗಿನ ಕೋರ್ಟು ಕಚೇರಿಗಳಲ್ಲಿ ಓಡಾಡುತ್ತಿದ್ದ ಪ್ಲೀಡರು, ಮುಖ್ತಾರ, ಕಂದಾಯ ಏಜೆಂಟರಿಗೆ 1879ರ ಕಾಯ್ದೆ ಪ್ರತ್ಯೇಕ ನಿಯಮ ಮಾಡಿತು. ಯಾರು ಯಾವ ಕೋರ್ಟಿನಲ್ಲಿ ಎದ್ದು ನಿಲ್ಲಬಹುದು ಎಂಬುದನ್ನು ಪ್ರತಿಭೆಗಿಂತ ಹೆಚ್ಚಾಗಿ ಓದಿದ ಊರು, ಪಡೆದ ಪರವಾನಗಿಗಳೇ ತೀರ್ಮಾನಿಸುತ್ತಿದ್ದವು.

ಹೆಂಗಸರಿಗಂತೂ ಆ ಶ್ರೇಣಿಯ ಕಟ್ಟಕಡೆಯ ಮೆಟ್ಟಿಲೂ ಇರಲಿಲ್ಲ. ಕಾರ್ನೀಲಿಯಾ ಸೊರಾಬ್ಜಿ 1892ರಲ್ಲೇ ಆಕ್ಸ್‌ಫರ್ಡ್‌ನ ಕಾನೂನು ಪರೀಕ್ಷೆ ಮುಗಿಸಿದ್ದರು. ಆದರೂ ಅವರು ಅಲಹಾಬಾದ್ ಹೈಕೋರ್ಟಿನಲ್ಲಿ ನೋಂದಣಿಯಾದದ್ದು 1921ರಲ್ಲಿ. ನಡುವಿನ ಆ ವರ್ಷಗಳಲ್ಲಿ ಅವರೇನೂ ಸುಮ್ಮನೆ ಕೂತಿರಲಿಲ್ಲ. ಪರದೆಯೊಳಗಿದ್ದ, ಗಂಡು ವಕೀಲರ ಮುಖ ನೋಡಿ ಮಾತಾಡಲಾಗದ ಶ್ರೀಮಂತ ಮನೆತನಗಳ ವಿಧವೆಯರ ಆಸ್ತಿ ಹಕ್ಕುಗಳಿಗಾಗಿ, ಅಂಥ ಆಸ್ತಿಗಳನ್ನು ನೋಡಿಕೊಳ್ಳುತ್ತಿದ್ದ ಸರ್ಕಾರಿ ಕೋರ್ಟ್ ಆಫ್ ವಾರ್ಡ್ಸ್‌ನಲ್ಲಿ 1904ರಿಂದ ಕಾನೂನು ಸಲಹೆಗಾರ್ತಿಯಾಗಿ ದುಡಿದರು. ಹೆಂಗಸರು ವಕೀಲಿಕೆ ಮಾಡಲು ಇದ್ದ ಅಡ್ಡಿಯನ್ನು ಕಾಯ್ದೆಯೇ ತೆಗೆದದ್ದು 1923ರಲ್ಲಿ. ಭಾರತದ ವಕೀಲಿಕೆಯಲ್ಲಿ ಕಕ್ಷಿದಾರರ ಕಷ್ಟವನ್ನೇ ನೋಡಿ ರೂಪುಗೊಂಡ ಮೊದಲ ವಿಶೇಷ ಪರಿಣತಿಗಳಲ್ಲಿ ಸೊರಾಬ್ಜಿಯವರದೂ ಒಂದು ಎಂದು ನನ್ನ ಎಣಿಕೆ. ಆ ಕೆಲಸ ಮಾಡುವಾಗ ಅವರಿಗೆ ವಕೀಲೆ ಎನ್ನಿಸಿಕೊಳ್ಳುವ ಅಧಿಕಾರವೇ ಇರಲಿಲ್ಲ.

1961ರ ವಕೀಲರ ಕಾಯ್ದೆ ಹಳೆಯ ಸಾಲುಗಳನ್ನೆಲ್ಲ ಅಳಿಸಿ ಎಲ್ಲರನ್ನೂ ಅಡ್ವೊಕೇಟ್ ಎಂದು ಕರೆಯಿತು. ಬೊಂಬಾಯಿ, ಕಲ್ಕತ್ತಾಗಳಲ್ಲಿ ಉಳಿದುಕೊಂಡಿದ್ದ ಅಟಾರ್ನಿ ಪದ್ಧತಿ 1976ರ ತಿದ್ದುಪಡಿಯಿಂದ ಕೊನೆಗೊಂಡಿತು. ಆದರೆ ಹಿರಿಯ ವಕೀಲರು, ಇತರ ವಕೀಲರು ಎಂಬ ಒಂದು ಗೆರೆಯನ್ನು ಆ ಕಾಯ್ದೆಯೇ ಎಳೆಯಿತು. ಹಿರಿಯರು ವಕಾಲತ್ತು ಹಾಕುವಂತಿಲ್ಲ, ಕಕ್ಷಿದಾರರಿಂದ ನೇರವಾಗಿ ಕೇಸು ಹಿಡಿಯುವಂತಿಲ್ಲ. ಇನ್ನೊಬ್ಬ ವಕೀಲರು ಜೊತೆಗಿರಲೇಬೇಕು. ಸುಪ್ರೀಂ ಕೋರ್ಟಿನಲ್ಲಿ ಕಾಗದಪತ್ರ ಸಲ್ಲಿಸಲು ಪ್ರತ್ಯೇಕ ಪರೀಕ್ಷೆ ಪಾಸಾದ ಅಡ್ವೊಕೇಟ್ ಆನ್ ರೆಕಾರ್ಡ್ ಬೇಕು. ಅಟಾರ್ನಿ ಹೋದರೂ ಅವರ ಕೆಲಸ ಹೋಗಲಿಲ್ಲ.

ಉಳಿದ ಕವಲುಗಳು ಹುಟ್ಟಿದ್ದು ಹೊಸ ಕಾಯ್ದೆ, ಹೊಸ ನ್ಯಾಯಮಂಡಳಿಗಳಿಂದ. 1941ರಲ್ಲಿ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ ಬಂತು, ತೆರಿಗೆ ವಕೀಲರು ಹೆಚ್ಚಿದರು. 2016ರ ದಿವಾಳಿ ಸಂಹಿತೆ, 2017ರ ಜಿಎಸ್‌ಟಿಗಳಿಂದಲೂ ಹೀಗೇ ಆಯಿತು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ 1988ರಲ್ಲಿ ಐದು ವರ್ಷದ ಕೋರ್ಸು ಆರಂಭಿಸಿದ ಮೇಲೆ, ಕೋರ್ಟಿನ ಮೆಟ್ಟಿಲು ಹತ್ತದೆ ಕಂಪನಿಗಳ ಕರಾರು ಪತ್ರ ಬರೆಯುವುದನ್ನೇ ವೃತ್ತಿ ಮಾಡಿಕೊಂಡ ಪೀಳಿಗೆಯೂ ಬಂತು. ತಾಲ್ಲೂಕು ಕೋರ್ಟಿನಲ್ಲಿ ಮಾತ್ರ ಈಗಲೂ ಒಬ್ಬರೇ ವಕೀಲರು ಬೆಳಿಗ್ಗೆ ಪಾಲು ವಿಭಾಗದ ದಾವೆಗೆ ನಿಂತು, ಮಧ್ಯಾಹ್ನ ಚೆಕ್ ಬೌನ್ಸ್ ಕೇಸಿನಲ್ಲಿ ಪಾಟೀಸವಾಲು ಮಾಡಿ, ನಡುವೆ ಒಂದು ಜಾಮೀನು ಅರ್ಜಿಯನ್ನೂ ಮುಗಿಸುತ್ತಾರೆ. ಅದೂ ಒಂದು ಪರಿಣತಿಯೇ. ಅದಕ್ಕೆ ತಕ್ಕ ಗೌರವ ಸಿಕ್ಕಿಲ್ಲ.

ಹೊಸ ನ್ಯಾಯಮಂಡಳಿಯಿಂದ ವಕೀಲರನ್ನೇ ಹೊರಗಿಡುವ, ಇದಕ್ಕೆ ತದ್ವಿರುದ್ಧವಾದ ಪ್ರಯೋಗವೊಂದೂ ನಮ್ಮಲ್ಲೇ ನಡೆದಿದೆ. ಕರ್ನಾಟಕದ ಭೂ ಸುಧಾರಣಾ ಕಾಯ್ದೆಗೆ 1974ರಲ್ಲಿ ಜಾರಿಯಾದ ತಿದ್ದುಪಡಿಯಡಿ ಗೇಣಿದಾರರು ಭೂಮಿಯ ಹಕ್ಕು ಕೋರಿ ಫಾರಂ 7 ಹಾಕಿ ಭೂ ನ್ಯಾಯಮಂಡಳಿಯ ಮುಂದೆ ಹೋದರು. ಅಲ್ಲಿ ವಕೀಲರು ಹಾಜರಾಗುವಂತಿಲ್ಲ ಎಂದು ಕಾಯ್ದೆಯೇ ಹೇಳಿತ್ತು. ಜಮೀನುದಾರ ಹೆಸರಾಂತ ವಕೀಲರನ್ನು ತರಬಲ್ಲ, ಗೇಣಿದಾರ ತರಲಾರ ಎಂಬ ಆತಂಕ ಆ ಕಾಲಕ್ಕೆ ಸಹಜವಾದದ್ದೇ. 1987ರಲ್ಲಿ ಸುಪ್ರೀಂ ಕೋರ್ಟು ಈ ನಿರ್ಬಂಧವನ್ನು ಒಪ್ಪಲಿಲ್ಲ. ಸಂಸತ್ತಿನ ಕಾನೂನು ವಕೀಲರಿಗೆ ಕೊಟ್ಟ ಹಕ್ಕನ್ನು ರಾಜ್ಯದ ಕಾಯ್ದೆ ಕಿತ್ತುಕೊಳ್ಳಲಾಗದು ಎಂದಿತು. ಕಾರ್ಮಿಕ ವಿವಾದಗಳಲ್ಲಿ, ಕೌಟುಂಬಿಕ ನ್ಯಾಯಾಲಯದಲ್ಲಿ ವಕೀಲರಿಗೆ ಮಿತಿ ಹಾಕಿದ್ದರ ಹಿಂದೆಯೂ ಅಂಥದೇ ಅಂಜಿಕೆ ಇದ್ದಂತಿದೆ. ನನಗನ್ನಿಸುವುದು, ಇಬ್ಬರಿಂದಲೂ ವಕೀಲರನ್ನು ದೂರವಿಟ್ಟರೆ ಓದುಬರಹ ಬಲ್ಲವನೇ ಗೆಲ್ಲುತ್ತಾನೆ. ಗೇಣಿದಾರನಿಗೆ ಬೇಕಾಗಿದ್ದದ್ದು ಸರ್ಕಾರದ ಖರ್ಚಿನಲ್ಲಿ ಒಬ್ಬ ಒಳ್ಳೆಯ ವಕೀಲ.

ಕ್ರಿಮಿನಲ್ ಕೋರ್ಟಿನಲ್ಲಿ ಈ ಕೊರತೆ ಇನ್ನೂ ಎದ್ದು ಕಾಣುತ್ತದೆ. ಮ್ಯಾಜಿಸ್ಟ್ರೇಟರ ಮುಂದೆ ಪೊಲೀಸರೇ ಪ್ರಾಸಿಕ್ಯೂಷನ್ ನಡೆಸುತ್ತಿದ್ದ ವಾಡಿಕೆಗೆ 1973ರ ದಂಡ ಪ್ರಕ್ರಿಯಾ ಸಂಹಿತೆ ತಡೆ ಹಾಕಿತು, ಸಹಾಯಕ ಸರ್ಕಾರಿ ಅಭಿಯೋಜಕರು ಬಂದರು. ಕಟಕಟೆಯಲ್ಲಿ ನಿಂತ ಬಡವನ ಪರವಾಗಿ ಯಾರು? ಉಚಿತ ಕಾನೂನು ನೆರವು 1976ರಲ್ಲಿ 39ಎ ವಿಧಿಯಾಗಿ ಸಂವಿಧಾನ ಸೇರಿತು. ಬಿಹಾರದ ಜೈಲುಗಳಲ್ಲಿ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದವರಿಗಾಗಿ ಪುಷ್ಪಾ ಕಪಿಲಾ ಹಿಂಗೋರಾಣಿ ಹುಸೈನಾರಾ ಖಾತೂನ್ ಪ್ರಕರಣವನ್ನು ಸುಪ್ರೀಂ ಕೋರ್ಟಿಗೆ ಒಯ್ದು 1979ರಲ್ಲಿ ಆದೇಶ ಪಡೆದರು. 1987ರಲ್ಲಿ ಆದ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಜಾರಿಗೆ ಬರಲು 1995ರವರೆಗೆ ಕಾಯಬೇಕಾಯಿತು. ಆಮೇಲೂ ನೆರವಿಗೆ ನಿಂತದ್ದು ತಮ್ಮ ಸ್ವಂತ ಕೇಸುಗಳ ನಡುವೆ ಬಿಡುವು ಮಾಡಿಕೊಂಡು ಬರುತ್ತಿದ್ದ ಪ್ಯಾನೆಲ್ ವಕೀಲರು.

ಬಡ ಆರೋಪಿಯ ಪರ ವಾದಿಸುವುದೇ ಪೂರ್ಣಾವಧಿ ಕೆಲಸವಾದ ವಕೀಲರ ವ್ಯವಸ್ಥೆ ದೇಶದ ಜಿಲ್ಲೆಗಳಿಗೆ ಹಬ್ಬತೊಡಗಿದ್ದು 2022ರ ಯೋಜನೆಯಿಂದ. ಮುಖ್ಯ, ಉಪ ಹಾಗೂ ಸಹಾಯಕ ಕಾನೂನು ನೆರವು ಅಭಿರಕ್ಷಕರು ಎಂಬ ಮೂರು ಹಂತ. ಖಾಸಗಿ ಕೇಸು ಹಿಡಿಯುವಂತಿಲ್ಲ. ಆದರೆ ಇವರದು ಗುತ್ತಿಗೆ ನೇಮಕ. ಎದುರು ಬದಿಯ ಸಹಾಯಕ ಅಭಿಯೋಜಕರಿಗೆ ಕರ್ನಾಟಕದಲ್ಲಿ ಖಾಯಂ ಹುದ್ದೆ, ಬಡ್ತಿ, ತಮ್ಮದೇ ಇಲಾಖೆ ಇವೆ. ಅಷ್ಟೇ ಭದ್ರತೆ ಅಭಿರಕ್ಷಕರಿಗೂ ಸಿಗಬೇಕು. ಸರ್ಕಾರ ಮುಂದಿನ ನೇಮಕಾತಿಗೆ ಮುನ್ನ ನಿಯಮ ಮಾಡಬೇಕಾದದ್ದು ಇದಕ್ಕೇ.