ಅರ್ನ್ಡ್ ರನ್ ಮತ್ತು ಅನರ್ನ್ಡ್ ರನ್

ಬೇಸ್‌ಬಾಲ್ ಆಟದಲ್ಲಿ ಎದುರಾಳಿ ಗಳಿಸಿದ ರನ್ನುಗಳ ಪೈಕಿ ಚೆಂಡೆಸೆಯುವ ಪಿಚರನ ಹೊಣೆಗೆ ಸೇರುವುದು ಅರ್ನ್ಡ್ ರನ್. ಫೀಲ್ಡಿಂಗ್ ತಪ್ಪಿನ ನೆರವಿನಿಂದ ಬಂದದ್ದು ಅನರ್ನ್ಡ್ ರನ್. ತಂಡದ ಮೊತ್ತದಲ್ಲಿ ಎರಡಕ್ಕೂ ಒಂದೇ ಬೆಲೆ; ವ್ಯತ್ಯಾಸವಿರುವುದು ಪಿಚರನ ಲೆಕ್ಕದಲ್ಲಿ.

ಫೀಲ್ಡಿಂಗ್ ತಪ್ಪುಗಳನ್ನೂ ಕ್ಯಾಚರ್ ಕೈಬಿಟ್ಟ ಎಸೆತಗಳನ್ನೂ ಬದಿಗಿಟ್ಟು ಅಧಿಕೃತ ಸ್ಕೋರರ್ ಇನಿಂಗ್ಸನ್ನು ಮರುಕಲ್ಪಿಸುತ್ತಾರೆ. ಹಾಗೆ ನೋಡಿದಾಗಲೂ ಬರುತ್ತಿದ್ದ ರನ್ ಅರ್ನ್ಡ್. ಸಂದೇಹವಿದ್ದರೆ ಅದರ ಲಾಭ ಪಿಚರನಿಗೆ. ಇಬ್ಬರು ಔಟಾಗಿ ಬೇಸುಗಳು ಖಾಲಿಯಿದ್ದಾಗ ಸುಲಭದ ಕ್ಯಾಚ್ ಕೈತಪ್ಪಿ, ಮುಂದಿನ ಬ್ಯಾಟರ್ ಹೋಮ್ ರನ್ ಹೊಡೆದನೆನ್ನಿ: ಎರಡೂ ರನ್ ಅನರ್ನ್ಡ್, ಏಕೆಂದರೆ ಕ್ಯಾಚ್ ಹಿಡಿದಿದ್ದರೆ ಇನಿಂಗ್ಸ್ ಅಲ್ಲಿಗೇ ಮುಗಿಯುತ್ತಿತ್ತು. ಪಿಚರನೇ ಫೀಲ್ಡಿಂಗಿನಲ್ಲಿ ಎಡವಿದರೂ ಇದೇ ನಿಯಮ. ಆದರೆ ವಾಕ್, ವೈಲ್ಡ್ ಪಿಚ್ ಅವನ ಎಸೆತದ ದೋಷಗಳಾದ್ದರಿಂದ ಅವುಗಳಿಂದ ಬಂದ ರನ್ ಅರ್ನ್ಡ್. ಪಿಚರ್ ಬದಲಾದರೆ, ಆಗಲೇ ಬೇಸಿನಲ್ಲಿದ್ದ ಓಟಗಾರರ ರನ್ ಹಿಂದಿನವನ ಲೆಕ್ಕಕ್ಕೇ ಹೋಗುತ್ತದೆ.

ಅರ್ನ್ಡ್ ರನ್ನುಗಳನ್ನು 9ರಿಂದ ಗುಣಿಸಿ, ಎಸೆದ ಇನಿಂಗ್ಸ್‌ಗಳ ಸಂಖ್ಯೆಯಿಂದ ಭಾಗಿಸಿದರೆ ಅರ್ನ್ಡ್ ರನ್ ಸರಾಸರಿ (ಇ.ಆರ್.ಎ.) ದೊರೆಯುತ್ತದೆ, ಅದು ಕಡಿಮೆಯಿದ್ದಷ್ಟೂ ಒಳ್ಳೆಯದು. 1968ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ತಂಡದ ಬಾಬ್ ಗಿಬ್ಸನ್ ಸಾಧಿಸಿದ 1.12 ಪ್ರಸಿದ್ಧ ದಾಖಲೆ.