ಸಿಒಪಿಡಿ ಚಿಕಿತ್ಸೆಯಲ್ಲಿ ಸ್ಟ್ಯಾಟಿನ್‌ಗಳು

ಸ್ಟ್ಯಾಟಿನ್‌ಗಳು ರಕ್ತದ ಕೊಲೆಸ್ಟರಾಲ್ ಇಳಿಸುವ ಮಾತ್ರೆಗಳು. ಸಿಒಪಿಡಿ ಎಂಬ ದೀರ್ಘಕಾಲಿಕ ಶ್ವಾಸಕೋಶ ರೋಗಕ್ಕೂ ಅವು ಮದ್ದಾದಾವೇ ಎಂಬ ಪ್ರಶ್ನೆ 2005ರ ಆಸುಪಾಸಿನಲ್ಲಿ ಬಲವಾಗಿ ಎದ್ದಿತು. ಈ ರೋಗದಲ್ಲಿ ಶ್ವಾಸನಾಳಗಳು ಕಿರಿದಾಗುತ್ತವೆ, ಗಾಳಿಗೂಡುಗಳ ಗೋಡೆ ಹಾಳಾಗುತ್ತದೆ. ಕೆಮ್ಮು, ಕಫ, ಏದುಸಿರು ರೋಗಿಯನ್ನು ಬಿಡುವುದಿಲ್ಲ. ಬೀಡಿ, ಸಿಗರೇಟು ಮತ್ತು ಸೌದೆ ಒಲೆಯ ಹೊಗೆ ಇದರ ಮುಖ್ಯ ಕಾರಣಗಳು.

ಔಷಧದ ಹುಟ್ಟು

ಜಪಾನಿನ ವಿಜ್ಞಾನಿ ಅಕಿರಾ ಎಂಡೊ ಸಾಂಕ್ಯೊ ಕಂಪನಿಯ ಪ್ರಯೋಗಾಲಯದಲ್ಲಿ 1971ರಿಂದ ಸುಮಾರು 6,000 ಶಿಲೀಂಧ್ರಗಳನ್ನು ಪರೀಕ್ಷಿಸಿದರು. ಕ್ಯೋಟೊದ ಧಾನ್ಯದಂಗಡಿಯೊಂದರ ಅಕ್ಕಿಯಲ್ಲಿ ಬೆಳೆದಿದ್ದ ನೀಲಿ-ಹಸಿರು ಬೂಷ್ಟಿನಿಂದ 1973ರಲ್ಲಿ ಅವರಿಗೆ ಕಾಂಪ್ಯಾಕ್ಟಿನ್ ದೊರಕಿತು. ಕೊಲೆಸ್ಟರಾಲ್ ತಯಾರಿಗೆ ಬೇಕಾದ ಕಿಣ್ವವೊಂದನ್ನು ಅದು ತಡೆಯುತ್ತಿತ್ತು. ಅದೇ ಬಗೆಯ ಲೋವಾಸ್ಟ್ಯಾಟಿನ್‌ಗೆ 1987ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಸಿಮ್ವಾಸ್ಟ್ಯಾಟಿನ್ ಹೃದ್ರೋಗಿಗಳ ಸಾವನ್ನು ತಗ್ಗಿಸುತ್ತದೆ ಎಂಬುದನ್ನು 1994ರಲ್ಲಿ 4,444 ಜನರ ಅಧ್ಯಯನ ತೋರಿಸಿಕೊಟ್ಟಿತು.

ಭರವಸೆಯ ವರ್ಷಗಳು

ಸ್ಟ್ಯಾಟಿನ್‌ಗಳು ಉರಿಯೂತವನ್ನೂ ತಗ್ಗಿಸುತ್ತವೆ ಎಂದು ತಿಳಿದಾಗ ಗಮನ ಶ್ವಾಸಕೋಶದ ಕಡೆ ಹರಿಯಿತು. ಸಿಒಪಿಡಿ ಕೂಡ ಉರಿಯೂತದ ರೋಗವೇ. ಅದಿರುವವರಲ್ಲಿ ಹೃದ್ರೋಗವೂ ಹೆಚ್ಚು. ಸಿಗರೇಟು ಹೊಗೆಗೆ ಒಡ್ಡಿದ ಇಲಿಗಳ ಶ್ವಾಸಕೋಶದ ಹಾನಿಯನ್ನು ಸಿಮ್ವಾಸ್ಟ್ಯಾಟಿನ್ ತಗ್ಗಿಸಿದ್ದು 2005ರಲ್ಲಿ ವರದಿಯಾಯಿತು. 2006ರಲ್ಲಿ ಕೆನಡಾದಿಂದಲೂ 2007ರಲ್ಲಿ ನಾರ್ವೆಯಿಂದಲೂ ಬಂದ ಅಧ್ಯಯನಗಳಲ್ಲಿ ಈ ಮಾತ್ರೆ ನುಂಗುತ್ತಿದ್ದ ಸಿಒಪಿಡಿ ರೋಗಿಗಳ ಸಾವು ಕಡಿಮೆಯಿತ್ತು. ಈ ಎರಡೂ ಅಧ್ಯಯನಗಳು ಇದ್ದ ದಾಖಲೆಗಳನ್ನು ತಿರುವಿ ಕಂಡುಕೊಂಡವು. ಯಾರಿಗೆ ಮಾತ್ರೆ ಕೊಡಬೇಕೆಂದು ಚೀಟಿಯೆತ್ತಿ ನಿರ್ಧರಿಸಿದ ಪ್ರಯೋಗಗಳಲ್ಲ.

ಒರೆಗೆ ಹಚ್ಚಿದಾಗ

ಅಂಥ ಪ್ರಯೋಗ ಅಮೆರಿಕ ಮತ್ತು ಕೆನಡಾದ 45 ಕೇಂದ್ರಗಳಲ್ಲಿ ನಡೆಯಿತು. ಹೃದಯಕ್ಕಾಗಿ ಸ್ಟ್ಯಾಟಿನ್ ಬೇಕಿಲ್ಲದ 885 ಸಿಒಪಿಡಿ ರೋಗಿಗಳಲ್ಲಿ ಕೆಲವರಿಗೆ ದಿನಕ್ಕೆ 40 ಮಿಲಿಗ್ರಾಂ ಸಿಮ್ವಾಸ್ಟ್ಯಾಟಿನ್, ಉಳಿದವರಿಗೆ ಔಷಧವಿಲ್ಲದ ಹುಸಿಮಾತ್ರೆ. 2014ರಲ್ಲಿ ಫಲಿತಾಂಶ ಪ್ರಕಟವಾಯಿತು: ರೋಗ ಉಲ್ಬಣಿಸಿದ್ದು ಸಿಮ್ವಾಸ್ಟ್ಯಾಟಿನ್ ಪಡೆದವರಲ್ಲಿ ಒಬ್ಬರಿಗೆ ವರ್ಷಕ್ಕೆ ಸರಾಸರಿ 1.36 ಸಲ, ಹುಸಿಮಾತ್ರೆಯವರಲ್ಲಿ 1.39 ಸಲ. ಸಾವು 28 ಮತ್ತು 30. ಪ್ರಯೋಜನ ಕಾಣದೆ ಪ್ರಯೋಗವನ್ನು ಅವಧಿಗೆ ಮುಂಚೆಯೇ ನಿಲ್ಲಿಸಲಾಗಿತ್ತು.

ದಾಖಲೆಗಳ ಲೆಕ್ಕ ಎಲ್ಲಿ ತಪ್ಪಿರಬಹುದು? ಒಬ್ಬರು ಜನವರಿಯಲ್ಲಿ ಆಸ್ಪತ್ರೆಯಿಂದ ಮನೆಗೆ ಬಂದು ಜೂನ್‌ನಲ್ಲಿ ಮಾತ್ರೆ ಶುರು ಮಾಡಿದರೆನ್ನಿ. ಜನವರಿಯಿಂದಲೇ ಅವರನ್ನು ಮಾತ್ರೆಯವರ ಸಾಲಿಗೆ ಸೇರಿಸಿದರೆ, ಅವರು ಬದುಕಿದ್ದ ಆ ಐದು ತಿಂಗಳೂ ಮಾತ್ರೆಯ ಖಾತೆಗೆ ಜಮೆಯಾಗುತ್ತವೆ. ಮಾರ್ಚ್‌ನಲ್ಲೇ ತೀರಿಕೊಂಡವರಾದರೋ ಮಾತ್ರೆಯಿಲ್ಲದವರ ಸಾಲಿಗೆ ಬೀಳುತ್ತಾರೆ. ಮಾತ್ರೆ ಏನೂ ಮಾಡದಿದ್ದರೂ ಅದೇ ಜೀವ ಉಳಿಸಿದಂತೆ ಕಾಣುತ್ತದೆ. ಜೊತೆಗೆ, ತಪ್ಪದೆ ಮಾತ್ರೆ ನುಂಗುವವರು ಆರೋಗ್ಯದ ಬೇರೆ ವಿಷಯಗಳಲ್ಲೂ ಎಚ್ಚರವಾಗಿರುವುದುಂಟು.

ಇಂದಿನ ನಿಲುವು

ಕೇವಲ ಸಿಒಪಿಡಿಯ ಉಲ್ಬಣ ತಡೆಯಲು ಸ್ಟ್ಯಾಟಿನ್ ಕೊಡುವ ರೂಢಿಯಿಲ್ಲ. ಆದರೆ ಹೃದ್ರೋಗ ಅಥವಾ ಹೆಚ್ಚಿನ ಕೊಲೆಸ್ಟರಾಲ್‌ಗಾಗಿ ವೈದ್ಯರು ಬರೆದುಕೊಟ್ಟಿದ್ದರೆ ಸಿಒಪಿಡಿ ರೋಗಿಯೂ ಅದನ್ನು ನಿಲ್ಲಿಸಬಾರದು. ಈ ರೋಗಿಗಳಲ್ಲಿ ಬಹಳ ಜನರನ್ನು ಕೊಲ್ಲುವುದು ಹೃದಯದ ಕಾಯಿಲೆಯೇ. ಶ್ವಾಸಕೋಶದ ಮಟ್ಟಿಗೆ ಹೊಗೆಯಿಂದ ದೂರವಿರುವುದು, ಇನ್‌ಹೇಲರ್, ಲಸಿಕೆ ಮತ್ತು ಉಸಿರಾಟದ ವ್ಯಾಯಾಮಗಳೇ ಇಂದಿಗೂ ಆಧಾರ.