ಕುಸನೂರು ಸತ್ಯಾಗ್ರಹ
ಸ್ವಯಂಸೇವಾ ಸಂಸ್ಥೆಗಳು ಹಳ್ಳಿಗರೊಡನೆ ಕೂಡಿ ನಡೆಸಿದ ಭೂಹಕ್ಕಿನ ಹೋರಾಟ. ನಡೆದದ್ದು 1987ರ ನವೆಂಬರ್ 14ರಂದು, ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ. ಈ ಊರು ಆಗ ಧಾರವಾಡ ಜಿಲ್ಲೆಗೆ ಸೇರಿತ್ತು. ಹಾವೇರಿ ಜಿಲ್ಲೆಯಾದದ್ದು 1997ರಲ್ಲಿ.

ರಾಜ್ಯ ಸರ್ಕಾರವೂ ಹರಿಹರ ಪಾಲಿಫೈಬರ್ಸ್ ಕಂಪನಿಯೂ 1984ರಲ್ಲಿ ಹುಟ್ಟುಹಾಕಿದ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್‌ಗೆ ನೀಲಗಿರಿ ಬೆಳೆಯಲೆಂದು ಸುಮಾರು 30,000 ಹೆಕ್ಟೇರ್ ಭೂಮಿ ನಿಗದಿಯಾಗಿತ್ತು. ಅದು ದನ ಮೇಯುವ, ಸೌದೆ ಸಿಗುವ ಊರೊಟ್ಟಿನ ನೆಲ. ಧಾರವಾಡದ ಸಮಾಜ ಪರಿವರ್ತನ ಸಮುದಾಯ ಇದನ್ನು ಒಂಟಿಯಾಗಿ ಎದುರಿಸಲಿಲ್ಲ. ಗ್ರಾಮೀಣಾಭಿವೃದ್ಧಿ ಸಂಸ್ಥೆಗಳ ರಾಜ್ಯ ಒಕ್ಕೂಟ ಫೆವಾರ್ಡ್-ಕ ಜೊತೆಗೂಡಿತು. ಶಿವರಾಮ ಕಾರಂತರೂ ಅರ್ಜಿದಾರರಾಗಿ ಸುಪ್ರೀಂ ಕೋರ್ಟಿಗೆ ಹೋದರು. ಹೀಗೆ ದಾವೆ, ಪ್ರಚಾರ, ಜನಬಲ ಮೂರೂ ಒಟ್ಟಿಗೆ ಸಾಗಿದವು. ಇವುಗಳಲ್ಲಿ ಒಂದೇ ಇದ್ದಿದ್ದರೆ ಕಂಪನಿ ಜಗ್ಗುತ್ತಿತ್ತೆಂದು ಹೇಳುವುದು ಕಷ್ಟ.

ಸತ್ಯಾಗ್ರಹಕ್ಕೆ 'ಕಿತ್ತಿಕೊ-ಹಚ್ಚಿಕೊ' ಎಂದು ಹೆಸರು. ಜನ ನೀಲಗಿರಿ ಸಸಿಗಳನ್ನು ಸಾಂಕೇತಿಕವಾಗಿ ಕಿತ್ತು, ಆ ಜಾಗದಲ್ಲಿ ಮೇವು-ಹಣ್ಣಿಗೆ ಒದಗುವ ಗಿಡ ಹಚ್ಚಿದರು. ಕರ್ನಾಟಕ ಪಲ್ಪ್‌ವುಡ್ ಕಂಪನಿ 1991ರಲ್ಲಿ ಮುಚ್ಚಿತು.